ಕರಿಮುತ್ತು ಕೋಣೆಯ ಬಾಗಿಲು

ಹೋದ ತಿಂಗಳು ಸಂಜಯನಗರದ ಮೊಮ್ಮಗಳ ಮನೆಗೆ ಹೋಗಿದ್ದೆ. ಅವಳು ಮನೆಯಲ್ಲೇ ಚಾಕ್ಲೇಟು ಮಾಡಿ ಮಾರುತ್ತಾಳೆ. ಅದಕ್ಕೆಂದೇ ಒಂದು ಕೋಣೆ, ಆ ಕೋಣೆಗೊಂದು ಏಸಿ. ಬಾಗಿಲು ತೆರೆದು ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ ಬಂತು. ಕರಗಿದ ಚಾಕ್ಲೇಟು, ತಂಪು ಹಿಡಿದ ಗೋಡೆ, ಆಗತಾನೇ ಡಬ್ಬಿ ಬಿಚ್ಚಿದ ಬಿಸ್ಕತ್ತು. ಅವಳು ಪಾತ್ರೆಯಿಂದ ತಲೆ ಎತ್ತದೆ ಹೇಳಿದಳು, “ಅಜ್ಜಿ, ಬಾಗ್ಲು ಬೇಗ ಹಾಕು, ಬಿಸಿಗಾಳಿ ಬರುತ್ತೆ.”

ನಾನು ತಿರುಗಿ ಹೊರಗೆ ನೋಡಿದೆ. ಹಜಾರದಲ್ಲಿ ಯಾರೂ ಇರಲಿಲ್ಲ. ಬಾಗಿಲಿನ ಅಂಚಿಗೆ ಮೇಲಿಂದ ಕೆಳಗಿನವರೆಗೆ ಕೈಯಾಡಿಸಿ ಆಮೇಲೆ ಮೆಲ್ಲಗೆ ಹಾಕಿದೆ.

“ಏನಜ್ಜಿ, ಬಾಗ್ಲಿಗೆ ಪೂಜೆ ಮಾಡ್ತಿದೀಯಾ?” ಎಂದು ಅವಳು ನಕ್ಕಳು.

ನಾನೂ ನಕ್ಕೆ. ಅವಳಿಗೆ ಹೇಳದ್ದನ್ನು ಈಗ ಮನೆಗೆ ಬಂದು ಬರೆಯುತ್ತಿದ್ದೇನೆ. ನಾನು ಕಂಡದ್ದನ್ನು ಕಂಡೆ ಎಂದೂ ಬೇರೆಯವರಿಂದ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆಯಾಗಿಯೇ ಬರೆಯುತ್ತೇನೆ. ಆಗ ಎಲ್ಲರೂ ಅವೆರಡನ್ನು ಬೆರೆಸಿಬಿಟ್ಟಿದ್ದರು.

ಅರವತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೀಚರ್ ಟ್ರೇನಿಂಗಿಗೆ ಸೀಟು ಸಿಗದೆ ಮತ್ತಿಕೆರೆಯ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ನಮ್ಮ ಬೀದಿಯ ಕೆಂಪಮ್ಮ, ನಾನು ಕೆಂಪತ್ತೆ ಎನ್ನುತ್ತಿದ್ದೆ, ಯಶವಂತಪುರದ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಒಂದು ವರ್ಷದ ಮಟ್ಟಿಗೆ ನನ್ನನ್ನೂ ಕರೆದುಕೊಂಡು ಹೋದಳು. ರೈಲ್ವೆ ಸ್ಟೇಷನ್ನಿನ ಗೂಡ್ಸ್ ಶೆಡ್ ದಾಟಿದರೆ ತಗಡಿನ ಛಾವಣಿಯ ಉದ್ದನೆಯ ಕಟ್ಟಡ. ಅದರಾಚೆ ರಾಗಿ ಹೊಲ, ಹೊಲದಾಚೆ ಸೀಬೆ ತೋಟಗಳು. ಬೆಳಿಗ್ಗೆ ಹೊತ್ತು ಭಟ್ಟಿಯ ಬಾಗಿಲು ತೆಗೆದರೆ ಬೆಂದ ಮೈದಾ, ಬೆಲ್ಲದ ಪಾಕದ ವಾಸನೆ ಮತ್ತಿಕೆರೆಯ ದಾರಿವರೆಗೂ ಬರುತ್ತಿತ್ತು.

ಮೊದಲು ಅಲ್ಲಿ ಮಾಡುತ್ತಿದ್ದುದು ಬರೀ ಚಹಾ ಬಿಸ್ಕತ್ತು. ಮಾಲೀಕರಿಗೆ ಯುದ್ಧದ ಕಾಲದಲ್ಲಿ ದಂಡಿನ ಅಂಗಡಿಯೊಂದರಲ್ಲಿ ವಿಲಾಯಿತಿಯ ಚಾಕ್ಲೇಟು ಬಿಸ್ಕತ್ತು ತಿಂದ ನೆನಪು ತಲೆಯಲ್ಲಿ ಕೂತುಬಿಟ್ಟಿತ್ತಂತೆ. ಅಂಥದ್ದನ್ನು ಇಲ್ಲೇ ಮಾಡಬೇಕು ಎಂದು ಹಲವು ವರ್ಷ ಒದ್ದಾಡಿದ್ದರು. ಚಾಕ್ಲೇಟು ಕರಗಿ ಕಾಗದಕ್ಕೆ ಅಂಟುತ್ತಿತ್ತು, ಇಲ್ಲವೇ ಮೇಲೆಲ್ಲಾ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ಅಂಗಡಿಯವರು ಬೂಷ್ಟು ಹಿಡಿದಿದೆ ಎಂದು ವಾಪಸ್ ಕಳಿಸುತ್ತಿದ್ದರು. ಕೊನೆಗೆ ಅದಕ್ಕೊಂದು ತಣ್ಣನೆ ಕೋಣೆ ಕಟ್ಟಿಸಿದ ಮೇಲೆ ಚಾಕ್ಲೇಟು ಬಿಸ್ಕತ್ತಿನ ಮೇಲೆ ಕೆಡದೆ ನಿಂತಿತು. ಊದಾ ಬಣ್ಣದ ಕಾಗದ, ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ತಗಡು ಹಾಳೆ, ಕಾಗದದ ಮೇಲೆ ಬಾಯಿ ಬಿಟ್ಟ ಚಿಪ್ಪಿನ ಚಿತ್ರ. ಕರಿಮುತ್ತು ಎಂದು ಹೆಸರು. ನಾನು ಸೇರಿದ ಬೇಸಿಗೆಯಲ್ಲಿ ಮೆಜೆಸ್ಟಿಕ್ಕಿನ ಅಂಗಡಿಗಳಲ್ಲಿ ಅದಕ್ಕೆ ಜನ ಕಾಯುತ್ತಿದ್ದರು.

ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದೇ ಬಲ್ಬು. ಗೋಡೆಯ ಉದ್ದಕ್ಕೂ ಮರದ ಹೊಟ್ಟಿನಲ್ಲಿ ಹೂತ ಐಸಿನ ಗಡ್ಡೆಗಳು. ನಡುವೆ ಬಿಸಿನೀರಿನ ತೊಟ್ಟಿಯ ಮೇಲೆ ಕೂರಿಸಿದ ಚಾಕ್ಲೇಟಿನ ಕಡಾಯಿ. ಅದರ ಸುತ್ತ ಹೆಂಗಸರು ನಿಂತು ಬಿಸ್ಕತ್ತನ್ನು ಒಂದೊಂದಾಗಿ ಕೈಯಲ್ಲೇ ಅದ್ದಿ, ತಿರುಗಿಸಿ, ತಟ್ಟೆಯ ಮೇಲೆ ಇಡಬೇಕು. ಇಟ್ಟ ಮೇಲೆ ಬೆರಳ ತುದಿಯಿಂದ ಮೇಲೊಂದು ಅಲೆ ಎಳೆಯಬೇಕು. ಇದಕ್ಕೆ ತಣ್ಣನೆಯ ಕೈ ಬೇಕು. ಕೈ ಬಿಸಿಯಿದ್ದರೆ ಚಾಕ್ಲೇಟು ಹೊಳಪು ಕಳೆದುಕೊಳ್ಳುತ್ತದೆ. ಹೊಸಬರು ಬಂದರೆ ಕೆಂಪತ್ತೆ ಅವರ ಅಂಗೈ ಮೇಲೆ ಚಾಕ್ಲೇಟಿನ ಒಂದು ಚೂರು ಇಟ್ಟು, ಮುಷ್ಟಿ ಮಾಡಿಸಿ, ಸೋಬಾನೆ ಪದದ ಒಂದು ನುಡಿ ಹೇಳಿ ಮುಗಿಸುತ್ತಿದ್ದಳು. ಮುಷ್ಟಿ ಬಿಚ್ಚಿದಾಗ ಚೂರು ಕರಗಿದ್ದರೆ ಅವರು ಕಾಗದ ಸುತ್ತುವ ಕಡೆಗೆ. ನನ್ನ ಚೂರು ಅಂಚಿನಲ್ಲಿ ಮಾತ್ರ ಕರಗಿತ್ತು.

“ಪರ್ವಾಗಿಲ್ಲ, ನಡೀತದೆ,” ಎಂದಳು ಕೆಂಪತ್ತೆ. “ಅಗೋ ಅವಳ ಕೈ ಮುಟ್ಟಿ ನೋಡು. ಸತ್ತೋರ ಕೈ ಇದ್ದಂಗೈತೆ.”

ಅವಳು ತೋರಿಸಿದ್ದು ಜೈತುನ್‌ಬೀಯನ್ನು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಎರಡು ಮಕ್ಕಳ ತಾಯಿ. ಅವಳ ಅಂಗೈ ಮೇಲಿಟ್ಟ ಚೂರು ಸೋಬಾನೆ ಪದ ಇಡೀ ಮುಗಿದರೂ ಹಾಗೇ ಇರುತ್ತಿತ್ತು. ಅವಳ ಗಂಡ ಬಾಷಾ ಗೋಡೆಯ ಆಚೆ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಅವನ ಮುಂಗೈಗಳಲ್ಲಿ ಕೂದಲೇ ಇರಲಿಲ್ಲ, ಸುಟ್ಟು ಹೋಗಿದ್ದವು. “ಭಟ್ಟಿ, ಐಸು ಒಂದೇ ಚಾಪೆ ಮೇಲೆ ಎಂಗ್ ಮಲಗ್ತೀರೇ?” ಎಂದು ಕೆಂಪತ್ತೆ ಕೇಳಿದರೆ ಜೈತುನಕ್ಕ ಸೆರಗಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಬಾಗಿಲ ವಿಷಯ ಹೇಳಬೇಕು. ಅದನ್ನು ಮಾಡಿದ್ದು ಬಾಷಣ್ಣನೇ. ಎರಡು ಹಲಗೆಗಳ ನಡುವೆ ಮರದ ಹೊಟ್ಟು ತುಂಬಿ, ಎರಡೂ ಕಡೆ ತಗಡು ಹೊಡೆದು, ಅಂಚಿಗೆಲ್ಲ ಕಂಬಳಿಯ ಪಟ್ಟಿ ಮೊಳೆ ಹಾಕಿ ಕೂರಿಸಿದ್ದ. ಹೊರಗಡೆಗೆ ತೆರೆಯುತ್ತಿತ್ತು. ಒಳಗಿನಿಂದ ಹಿಡಿ ಹಿಡಿದು ಎಳೆದರೆ ಕಬ್ಬಿಣದ ಚಿಲಕ ತನ್ನ ಭಾರಕ್ಕೆ ತಾನೇ ಬೀಳುತ್ತಿತ್ತು. ಹೊರಗಿನಿಂದ ಬರುವವರಿಗೆ ಚಿಲಕ ಎತ್ತಲು ಒಂದು ಬಳೆ. ನಾನು ಸೇರಿದ ಮೊದಲ ದಿನ ಅವನು ನಮ್ಮನ್ನೆಲ್ಲ ನಿಲ್ಲಿಸಿ ತೋರಿಸಿದ.

“ನೋಡ್ರಮ್ಮಾ, ಒಂದ್ಸಲ ಎಳೆದ್ರೆ ಸಾಲ್ದು. ಕಂಬ್ಳಿ ಅಡ್ಡ ಬರ್ತದೆ. ಎರಡ್ನೇ ಸಲ ಜೋರಾಗಿ ಎಳೀಬೇಕು. ಎಳೀರಿ. ಇನ್ನೂ ಜೋರಾಗಿ. ಅತ್ತೆ ಮೇಲಿನ ಸಿಟ್ಟೆಲ್ಲ ಇದರ ಮೇಲೆ ತೀರಿಸ್ಕೊಳ್ಳಿ.”

ಬಿಸಿಗಾಳಿ ನುಗ್ಗಿದರೆ ಆ ಹೊತ್ತಿನ ತಟ್ಟೆಗಳೆಲ್ಲ ಬೆಳ್ಳಗಾಗುತ್ತಿದ್ದವು. ಮೇಸ್ತ್ರಿ ರಾಜಣ್ಣ ಮರದ ಪಟ್ಟಿ ಹಿಡಿದು ಬಂದು ಬಾಗಿಲ ಹತ್ತಿರ ಇದ್ದವಳ ಮೊಣಕೈಗೆ ಬಾರಿಸುತ್ತಿದ್ದ. ಬೆರಳಿಗೆ ಹೊಡೆಯುತ್ತಿರಲಿಲ್ಲ, ಬೆರಳು ಕೆಲಸಕ್ಕೆ ಬೇಕಲ್ಲ. ಹೀಗೆ ಬಾಗಿಲು ತೆರೆದಿದೆ ಎಂದು ಕಂಡರೆ ಎಳೆಯುವುದು, ಇನ್ನೊಮ್ಮೆ ಎಳೆಯುವುದು ನಮಗೆ ರೆಪ್ಪೆ ಬಡಿದಷ್ಟೇ ರೂಢಿಯಾಗಿಬಿಟ್ಟಿತು. ಮನೆಯಲ್ಲಿ ಕೂಡ ನಾನು ಅಡಿಗೆಮನೆಯ ಬಾಗಿಲನ್ನು ಎರಡು ಸಲ ಎಳೆದು ಅಮ್ಮನಿಂದ ಬೈಸಿಕೊಂಡೆ.

ಗೋಡೆಯ ಆಚೆ ಬೇರೆಯೇ ಲೋಕ. ತಗಡಿನ ಛಾವಣಿ, ಅದರ ಕೆಳಗೆ ಭಟ್ಟಿ, ಗಾಳಿಗೆ ಒಂದು ಕಿಂಡಿಯೂ ಇಲ್ಲ. ಆ ವರ್ಷ ಮಳೆ ತಡವಾಯಿತು. ಗಂಡಸರು ಗೋಣಿಯನ್ನು ನೀರಿಗೆ ಅದ್ದಿ ತಲೆಗೆ ಹೊದ್ದು ಕೆಲಸ ಮಾಡುತ್ತಿದ್ದರು. ಒಂದು ದಿನ ಮಧ್ಯಾಹ್ನ ಹಿಟ್ಟು ಲಟ್ಟಿಸುವ ಉರುಳೆಯ ಮುಂದೆ ನಿಂತಿದ್ದ ಮುನಿಯಪ್ಪ ಎಂಬವನು ಕಣ್ಣು ಕತ್ತಲಿಟ್ಟು ಮುಂದಕ್ಕೆ ವಾಲಿದ. ಉರುಳೆ ಅವನ ಕೈಯನ್ನು ಹಿಟ್ಟಿನ ಜೊತೆಗೇ ಒಳಗೆ ತೆಗೆದುಕೊಂಡಿತು. ನಾನು ನೋಡಿದ್ದು ಆಮೇಲೆ, ಅವನನ್ನು ಹೊತ್ತು ತಂದಾಗ. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು, ಹಿಟ್ಟು ಕೆಂಪಗಾಗುತ್ತಿತ್ತು. ಅವನು ಕೂಗುತ್ತಿರಲಿಲ್ಲ. ಹಲ್ಲು ಕಟಕಟ ಎನ್ನುವ ಸದ್ದು ಮಾತ್ರ ಕೇಳುತ್ತಿತ್ತು.

ಭಟ್ಟಿಯವರು ಉರುಳೆಗೆ ಅಡ್ಡ ಸರಳು ಹಾಕಿಸಿ, ಗೋಡೆಗೆ ಗಾಳಿಕಿಂಡಿ ಇಡಿಸಿ ಎಂದು ಕೇಳಿದರು. ಅವರ ಪರವಾಗಿ ಮಾತಾಡಿದ್ದು ಬಾಷಣ್ಣ. ಅಂಗಳದಲ್ಲಿ ಎಲ್ಲರೆದುರಿಗೆ ಕೇಳಿದ. ಆಗ ನಾವು ಊಟಕ್ಕೆ ಹೊರಗೆ ಕೂತಿದ್ದೆವು.

“ಹೆಂಗಸ್ರಿಗೆ ಐಸು ಹಾಕಿಸಿದೀರಲ್ಲ ಮೇಸ್ತ್ರೀ, ನಮಗೆ ಒಂದು ತೂತು ಕೊರೆಸೋಕಾಗಲ್ವಾ?”

“ಐಸು ಹೆಂಗಸ್ರಿಗಲ್ಲ ಕಣೋ, ಚಾಕ್ಲೇಟಿಗೆ,” ಎಂದ ರಾಜಣ್ಣ. “ನೀನು ಕರಗಿದ್ರೆ ಯಾರಿಗೇನು ನಷ್ಟ?”

ಯಾರೋ ನಕ್ಕರು. ಬಾಷಣ್ಣನೂ ನಕ್ಕ. “ಸರಿ ಹಂಗಾದ್ರೆ, ನಮ್ಮನ್ನೂ ಒಂದೊಂದು ಸಲ ಕಡಾಯಿಗೆ ಅದ್ದಿ ತೆಗೀರಿ,” ಎಂದ. ಆಗ ಇನ್ನೂ ಹೆಚ್ಚು ಜನ ನಕ್ಕರು. ರಾಜಣ್ಣ ಅವನ ಕೆನ್ನೆಗೆ ಹೊಡೆದ. ಬಾಷಣ್ಣ ಆ ಕೈಯನ್ನು ಹಿಡಿದುಕೊಂಡ, ತಿರುಗಿ ಹೊಡೆಯಲಿಲ್ಲ. ಅಷ್ಟರಲ್ಲಿ ಅವನ ಹಿಂದಿದ್ದ ಹುಡುಗನೊಬ್ಬ ಭಟ್ಟಿಯಿಂದ ತೆಗೆದಿದ್ದ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದಿದ್ದವನು ಅದನ್ನೇ ಬೀಸಿದ. ಕಾದ ಅಂಚು ರಾಜಣ್ಣನ ಭುಜಕ್ಕೆ ಬಿತ್ತು. ಅಂಗಿ ಸುಟ್ಟ ವಾಸನೆ ನಾವು ಕೂತಲ್ಲಿಗೆ ಬಂತು.

ಮರುದಿನ ಭಟ್ಟಿಯವರಿಗೆ ಗೇಟು ತೆಗೆಯಲಿಲ್ಲ. ಅವರು ಗೇಟಿನ ಮುಂದೆ ಕೂತರು. ನಮ್ಮ ಕೋಣೆಯ ಕೆಲಸ ಮಾತ್ರ ನಿಲ್ಲಲಿಲ್ಲ. ಬಿಸ್ಕತ್ತನ್ನು ಊರೊಳಗಿನ ಬೇರೊಂದು ಭಟ್ಟಿಯಿಂದ ಗಾಡಿಯಲ್ಲಿ ತರಿಸಿದರು. ಗಾಡಿಯ ಕಾವಲಿಗೆ ಹೊರಗಿನ ಆಳುಗಳು ಬಂದರು. ಯಾವ ಊರಿನವರೋ, ಯಾರ ಜೊತೆಗೂ ಮಾತಿಲ್ಲ. ಕೈಯಲ್ಲಿ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ಮತ್ತು ಕೊಳವೆ ತುಂಡು. ಮೊದಲ ದಿನವೇ ಗೇಟಿನ ಪಕ್ಕದ ನೀರಿನ ಮಡಕೆಗಳನ್ನೆಲ್ಲ ಒಡೆದರು. ಮಡಕೆಗೆ ಅಡ್ಡ ಬಂದ ಒಬ್ಬ ಮುದುಕನ ಕಿವಿ ಕೊಕ್ಕೆಗೆ ಸಿಕ್ಕಿ ಹರಿಯಿತು. ಅದಾದ ಮೇಲೆ ಈ ಕಡೆಯವರೂ ಕಲ್ಲು ಕೂಡಿಸಿಟ್ಟುಕೊಂಡರು. ಒಂದು ಬೆಳಿಗ್ಗೆ ನಾವು ಒಳಗೆ ಹೋಗುವಾಗ ಒಂದು ಕಲ್ಲು ಬಂದು ಕೆಂಪತ್ತೆಯ ಹಣೆಗೆ ತಾಗಿತು. ರಕ್ತ ಹುಬ್ಬಿನಿಂದ ತೊಟ್ಟಿಕ್ಕಿ ಕಣ್ಣು ಮುಚ್ಚಿಸಿತು. ಬಾಷಣ್ಣ ಓಡಿ ಬಂದು ತನ್ನ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೊಟ್ಟ.

“ತಪ್ಪಾಯ್ತು ಕಣಮ್ಮಾ. ನಮ್ಮೋನೇ ಎಸೆದಿದ್ದು.”

“ನಿಮ್ಮೋನೋ ಅವರೋನೋ, ಕಲ್ಲಿಗೇನ್ ಗೊತ್ತು,” ಎಂದಳು ಕೆಂಪತ್ತೆ. “ನಿನ್ ಹೆಂಡ್ರೂ ನಮ್ ಜೊತೆಲೇ ಅವಳೆ. ನೋಡ್ಕಂಡು ಎಸೀರಪ್ಪಾ.”

ಜೈತುನಕ್ಕ ಅಲ್ಲೇ ನಿಂತಿದ್ದಳು. ಒಳಗೆ ಹೋಗಲು ಅವಳಿಗೆ ಕಾಲು ಬರುತ್ತಿರಲಿಲ್ಲ. ದಿನವೂ ಹಾಗೇ. ದಿನವೂ ಅವನೇ ಹೇಳಿ ಕಳಿಸಬೇಕಿತ್ತು. “ಹೋಗು. ಇಬ್ಬರೂ ಇಲ್ಲಿ ಕೂತ್ರೆ ಮಕ್ಕಳಿಗೆ ಗಂಜಿ ಯಾರು ಕಾಯಿಸ್ತಾರೆ? ಹೋಗು, ನಿನ್ನ ಕೈ ಬಿಸಿ ಆಗ್ತದೆ.” ಅದು ಅವನ ತಮಾಷೆ.

ಮಳೆ ಬಂದ ದಿನದ ಬಗ್ಗೆ ಈಗ ಬರೆಯಬೇಕು. ಇಷ್ಟೆಲ್ಲ ಬರೆದದ್ದು ಅದಕ್ಕೇ.

ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತು. ಜಾಲಹಳ್ಳಿ ಕಡೆಯಿಂದ ಮೋಡ ಎದ್ದು ಗಾಳಿ ಬೀಸಿ ಆಲಿಕಲ್ಲಿನ ಮಳೆ ಹೊಡೆಯಿತು. ತಗಡಿನ ಮೇಲೆ ಅದರ ಸದ್ದಿಗೆ ನಮ್ಮ ಕೋಣೆಯಲ್ಲಿ ಪಕ್ಕದವಳ ಮಾತು ಕೂಡ ಕೇಳುತ್ತಿರಲಿಲ್ಲ. ಹೊರಗೆ ಏನಾಯಿತು ಎಂದು ನಾನು ಕಂಡಿಲ್ಲ, ಕೇಳಿದ್ದು. ಗೇಟಿನ ಮುಂದೆ ಕೂತಿದ್ದವರು ಆಲಿಕಲ್ಲಿಗೆ ತಲೆ ತಪ್ಪಿಸಿಕೊಳ್ಳಲು ಗೇಟು ತಳ್ಳಿ ಅಂಗಳದ ಚಾವಡಿಯ ಕೆಳಗೆ ನುಗ್ಗಿದರಂತೆ. ಇವರು ಕಾರ್ಖಾನೆಗೆ ನುಗ್ಗಿದರು ಎಂದು ತಿಳಿದು, ಅಥವಾ ಹಾಗೆ ತಿಳಿಯಲೆಂದೇ ಕಾಯುತ್ತಿದ್ದು, ಹೊರಗಿನ ಆಳುಗಳು ಕೊಕ್ಕೆ ಕೊಳವೆ ಹಿಡಿದು ಮೇಲೆ ಬಿದ್ದರಂತೆ. ಚಾವಡಿಗೆ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಅವರು. ಓಡಲು ಒಂದೇ ದಾರಿ, ಹಿಂದಿನ ಗೋಡೆಯಲ್ಲಿದ್ದ ನಮ್ಮ ಬಾಗಿಲು.

ನಾನು ಕಂಡದ್ದು ಇಷ್ಟು. ಜೈತುನಕ್ಕ ಎಡಗೈಯಲ್ಲಿ ತುಂಬಿದ ತಟ್ಟೆ ಹಿಡಿದು ಬಾಗಿಲ ಪಕ್ಕದ ಐಸಿನ ಹಲಗೆಯ ಕಡೆಗೆ ಹೋಗುತ್ತಿದ್ದಳು. ಬಾಗಿಲು ಒಂದು ಗೇಣಿನಷ್ಟು ತೆರೆಯಿತು. ಬೂದು ಬೆಳಕಿನ ಒಂದು ಗೆರೆ ನೆಲದ ಮೇಲೆ ಬಿತ್ತು. ಅವಳ ಮುಖ ನಮ್ಮ ಕಡೆಗಿತ್ತು. ಕೆಂಪತ್ತೆಗೆ ಏನೋ ಹೇಳುತ್ತಿದ್ದಳು, ತುಟಿ ಅಲುಗುತ್ತಿತ್ತು. ಮುಖ ತಿರುಗಿಸದೆಯೇ ಬಲಗೈ ಹಿಂದಕ್ಕೆ ಚಾಚಿ ಹಿಡಿಯನ್ನು ಎಳೆದಳು. ಬಾಗಿಲು ಪೂರಾ ಕೂರಲಿಲ್ಲ. ಕಂಬಳಿ ಅಡ್ಡ ಬಂದಾಗ ಕೂರುತ್ತಿರಲಿಲ್ಲವಲ್ಲ, ಹಾಗೆ. ಅವಳು ಎರಡನೆಯ ಸಲ ಜೋರಾಗಿ ಎಳೆದಳು. ಚಿಲಕ ಬಿತ್ತು.

ಆಗ ಹೊರಗಿನಿಂದ ಬಂದ ಕೂಗು ಮಳೆಯ ಸದ್ದನ್ನೂ ಮೀರಿತು. ಅದು ಅವಳ ಹೆಸರು.

ಅವಳು ತಿರುಗಿ ನೋಡಿದಳು. ನಾವೆಲ್ಲರೂ ನೋಡಿದೆವು. ಬಾಗಿಲಿನ ಅಂಚಿನಲ್ಲಿ, ಕಂಬಳಿ ಪಟ್ಟಿಯ ನಡುವೆ, ಬೆರಳ ತುದಿಗಳು ಇದ್ದವು. ಉಗುರುಗಳು ಕಪ್ಪಾಗುತ್ತಿದ್ದವು. ಬಾಷಣ್ಣ ಬಾಗಿಲಿಗೆ ಕಟ್ಟಿ ಹಾಕಿದ ಹಾಗೆ ಅಲ್ಲಿ ಸಿಕ್ಕಿಕೊಂಡಿದ್ದ, ಹಿಂದಿನಿಂದ ಬಂದವರು ಹೊಡೆಯತೊಡಗಿದರು. ಬಾಗಿಲು ದಪ್ಪಗಿತ್ತು. ಒಂದೊಂದು ಏಟೂ ನಮಗೆ ಹಿಟ್ಟಿನ ಚೀಲ ಕೆಳಗೆ ಬಿದ್ದಂತೆ ಕೇಳುತ್ತಿತ್ತು. ಪ್ರತಿ ಏಟಿಗೂ ಅಂಚಿನಲ್ಲಿದ್ದ ಬೆರಳುಗಳು ಅಲುಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಏಟಿನ ಸದ್ದು ಬಂದರೂ ಅವು ಅಲುಗಲಿಲ್ಲ.

ಜೈತುನಕ್ಕ ತಟ್ಟೆ ಬಿಸಾಡಿ ಚಿಲಕ ಎತ್ತಲು ನೋಡಿದಳು. ಬಿಗಿದು ಹೋಗಿತ್ತು. ನಾನೂ ಕೈ ಹಾಕಿದೆ. ಚಾಕ್ಲೇಟು ಮೆತ್ತಿದ ನಮ್ಮ ಕೈಗಳು ಕಬ್ಬಿಣದ ಮೇಲೆ ಜಾರುತ್ತಿದ್ದವು. ಕೆಂಪತ್ತೆ ಕಡಾಯಿ ಕದಡುವ ಮರದ ಹುಟ್ಟು ತಂದು ಕೆಳಗಿನಿಂದ ಹೊಡೆದಳು, ಮತ್ತೆ ಮತ್ತೆ ಹೊಡೆದಳು. ಚಿಲಕ ಹಾರಿತು. ನಾವು ತಳ್ಳಿದರೆ ಬಾಗಿಲು ತೆರೆಯಲಿಲ್ಲ. ಆಚೆ ಅವನ ಮೈ ಅಡ್ಡ ಬಿದ್ದಿತ್ತು. ಎಲ್ಲರೂ ಸೇರಿ ತಳ್ಳಿದೆವು. ತೆರೆದಾಗ ಹೊಡೆದವರು ಅಲ್ಲಿರಲಿಲ್ಲ. ಅಂಗಳದ ತುಂಬ ಆಲಿಕಲ್ಲು, ಅದರ ಮೇಲೆ ಅಲ್ಲಲ್ಲಿ ರಕ್ತ, ಚಾವಡಿಯಲ್ಲಿ ಬಿದ್ದವರ ನರಳಾಟ. ಬಾಷಣ್ಣನನ್ನು ಒಳಗೆಳೆದುಕೊಂಡೆವು. ತಲೆಯ ಹಿಂಭಾಗ ಹೇಗಿತ್ತೆಂದು ನಾನು ಬರೆಯುವುದಿಲ್ಲ. ಕೆಂಪತ್ತೆ ಹೊಟ್ಟು ಕೆದರಿ ಐಸು ತೆಗೆದು ಬಟ್ಟೆಯಲ್ಲಿ ಸುತ್ತಿ ಒತ್ತಿದಳು. ಕಾಗದ ಸುತ್ತುವ ಹೆಂಗಸೊಬ್ಬಳು ಬಿಂದಿಗೆಯಲ್ಲಿ ನೀರು ತಂದಳು.

ಮಾಲೀಕರು ಕೊಡೆ ಹಿಡಿದು ಬಂದರು. ಬಾಗಿಲಲ್ಲಿ ನಿಂತು ನೆಲ ನೋಡಿದರು, ಬಿಂದಿಗೆ ನೋಡಿದರು. ಚಾಕ್ಲೇಟಿಗೆ ನೀರಿನ ಒಂದು ಹನಿ ಬಿದ್ದರೂ ಇಡೀ ಕಡಾಯಿ ಗಂಟು ಕಟ್ಟುತ್ತದೆ.

“ಕಡಾಯಿಗೆ ನೀರು ಬಿತ್ತಾ?” ಎಂದು ಕೇಳಿದರು.

ಅವರು ಕೆಟ್ಟವರು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅವರ ಬಾಯಿಗೆ ಬಂದದ್ದು ಆ ಮಾತು, ಅಷ್ಟೇ. ಆಮೇಲೆ ತಮ್ಮ ಕಾರಿನಲ್ಲೇ ಅವನನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು.

ಎರಡು ದಿನ ಬಿಟ್ಟು ಪೊಲೀಸರು ಹೇಳಿಕೆ ತೆಗೆದುಕೊಂಡರು. ಅದಕ್ಕೆ ಮುಂಚೆ ರಾಜಣ್ಣ ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಚಿಲಕಕ್ಕೆ ಕೈ ಹಾಕಿದ್ದ ನಮ್ಮ ಮೂವರ ಹತ್ತಿರ ಬಂದ. “ಅವರು ಚಾಕ್ಲೇಟು ಕೆಡಿಸೋಕೆ ನುಗ್ಗಿದ್ರು, ನೀವು ಹೆದರಿ ಬಾಗ್ಲು ಹಾಕ್ಕೊಂಡ್ರಿ. ಇಷ್ಟೇ ಹೇಳಿ. ಸುಳ್ಳೇನಲ್ವಲ್ಲ, ಬಾಗ್ಲು ಹಾಕಿದ್ದು ನಿಜ ತಾನೇ?” ಹಾಗೆ ಹೇಳಿದರೆ ಹೊಡೆದವರು ಹೆಂಗಸರನ್ನು ಕಾಪಾಡಿದವರಾಗುತ್ತಿದ್ದರು. ಬಾಷಣ್ಣ ಬದುಕಿ ಎದ್ದರೂ ದೊಂಬಿ ಮಾಡಿದವನಾಗಿ ಜೈಲಿಗೆ ಹೋಗುತ್ತಿದ್ದ.

ಜೈತುನಕ್ಕ ಇನ್ಸ್‌ಪೆಕ್ಟರ ಮುಂದೆ ನಿಂತಳು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಆ ದಿನದಿಂದಲೂ ಹಾಗೇ ಇಟ್ಟುಕೊಂಡಿದ್ದಳು. ಮಕ್ಕಳಿಗೆ ತುತ್ತು ಕೊಡುವುದಕ್ಕೂ ಕೈ ಹೊರಗೆ ತೆಗೆಯುತ್ತಿಲ್ಲ ಎಂದು ಅವಳ ಅತ್ತೆ ನಮಗೆ ಹೇಳಿದ್ದಳು.

“ಬಾಗಿಲು ಹಾಕಿದ್ದು ನಾನು. ಹೆದರಿ ಅಲ್ಲ ಸಾಹೇಬ್ರೇ. ಯಾರು ಬಂದ್ರು ಅಂತಾನೂ ನೋಡ್ಲಿಲ್ಲ. ಬಿಸಿಗಾಳಿ ಬರ್ತದೆ ಅಂತ ಹಾಕ್ದೆ.”

“ಹೊರಗೆ ಗಂಡ ಸಾಯ್ತಿದಾನೆ, ನೀನು ಬಿಸ್ಕತ್ತು ಕರಗುತ್ತೆ ಅಂತ ಬಾಗ್ಲು ಹಾಕ್ದೆ?”

“ಹೌದು.”

ಇನ್ಸ್‌ಪೆಕ್ಟರು ಪಕ್ಕದ ಪೇದೆಯ ಮುಖ ನೋಡಿದರು. “ಇದನ್ನ ಯಾರಮ್ಮ ನಂಬ್ತಾರೆ?” ಎಂದು, ಭಯದಿಂದ ಬಾಗಿಲು ಮುಚ್ಚಿದಳು ಎಂದು ಬರೆಯಲು ಹೇಳಿದರು. ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಅವರು ಗದರಿದರು, ಅವಳು ಕೈ ಹೊರಗೆ ತೆಗೆಯಲೇ ಇಲ್ಲ. ಕೆಂಪತ್ತೆಯೂ ನಾನೂ ಕಂಡದ್ದನ್ನೇ ಹೇಳಿದೆವು, ಭಯವೆಂದು ಬರೆದದ್ದಕ್ಕೆ ನಾವೂ ರುಜು ಹಾಕಲಿಲ್ಲ. ಕೋರ್ಟಿನಲ್ಲೂ ಹಾಗೇ ಹೇಳಿದೆವು. ಅಲ್ಲಿ ಮಾಲೀಕರ ವಕೀಲರು ನಮ್ಮ ಮಾತನ್ನು ಕೇಳಿ ನಕ್ಕರು, ಉಳಿದವರೂ ನಕ್ಕರು. ಕೊಕ್ಕೆ ಹಿಡಿದವರು ಯಾರ್‍ಯಾರು ಎಂದು ಗುರುತಿಸುವವರು ಸಿಗಲಿಲ್ಲ, ಅವರೆಲ್ಲ ಬಿಡುಗಡೆಯಾದರು. ಭಟ್ಟಿಯವರ ಮೇಲಿನ ದೊಂಬಿಯ ಮೊಕದ್ದಮೆಯೂ ಬಿದ್ದುಹೋಯಿತು. ನಮ್ಮ ಹೇಳಿಕೆಯಿಂದ ಆದದ್ದು ಅಷ್ಟು.

ಕರಿಮುತ್ತು ಅದಾದ ಮೇಲೂ ಬಹಳ ವರ್ಷ ನಡೆಯಿತು. ಭಟ್ಟಿಯ ಗೋಡೆಗೆ ಗಾಳಿಕಿಂಡಿ ಬಂತು, ಉರುಳೆಗೆ ಸರಳೂ ಬಂತು. ಮುಂದೆ ಹೆಸರನ್ನು ಬೇರೆ ಊರಿನ ಕಂಪನಿಯೊಂದು ಕೊಂಡುಕೊಂಡಿತು. ಅದ್ದುವುದನ್ನು ಯಂತ್ರ ಮಾಡತೊಡಗಿತು. ಬೆರಳಿನಿಂದ ಎಳೆಯುತ್ತಿದ್ದ ಅಲೆಯನ್ನು ಯಂತ್ರವೂ ಎಳೆಯುತ್ತಿತ್ತು, ಎಲ್ಲದರ ಮೇಲೂ ಒಂದೇ ತರಹ. ಆಮೇಲೆ ಯಾವಾಗಲೋ ಅಂಗಡಿಗಳಿಂದ ಮರೆಯಾಯಿತು. ನಾನು ಆ ಬೇಸಿಗೆಯ ನಂತರ ಅದನ್ನು ತಿನ್ನಲಿಲ್ಲ.

ಪೊಲೀಸರು ಬಂದುಹೋದ ದಿನದ ಸಂಜೆ ನಾನು, ಕೆಂಪತ್ತೆ, ಜೈತುನಕ್ಕ ಆಸ್ಪತ್ರೆಗೆ ಹೋಗಿದ್ದೆವು. ಬಾಷಣ್ಣನ ತಲೆಗೆ ಪೂರಾ ಪಟ್ಟಿ. ಬಲಗೈ ಮಣಿಕಟ್ಟಿನವರೆಗೆ ಬಿಳಿ ಉಂಡೆಯಂತಿತ್ತು. ಒಳಗೆ ಬೆರಳುಗಳಿರಲಿಲ್ಲ. ಜ್ವರ ಏರಿ ಕೆನ್ನೆಗಳು ಕೆಂಪಗಿದ್ದವು, ಆದರೆ ಆ ಸಂಜೆ ಮಾತು ಸ್ಪಷ್ಟವಾಗಿತ್ತು. ಜೈತುನಕ್ಕ ಮಂಚದಿಂದ ದೂರ, ಗೋಡೆಗೆ ಒರಗಿ ನಿಂತಳು.

“ಹತ್ರ ಬಾ,” ಎಂದ.

ಅವಳು ಬರಲಿಲ್ಲ. “ನಾನೇ ಎಳೆದಿದ್ದು,” ಎಂದಳು. ಅವರ ಮನೆಮಾತಿನಲ್ಲಿ ಹೇಳಲಿಲ್ಲ, ಕನ್ನಡದಲ್ಲೇ ಹೇಳಿದಳು. ಪೊಲೀಸರ ಮುಂದೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಂತಿತ್ತು.

“ಗೊತ್ತು.”

“ಎರಡು ಸಲ ಎಳೆದೆ.”

“ಗೊತ್ತು. ಎಣಿಸ್ದೆ.” ನಗಲು ನೋಡಿದನೋ ಏನೋ, ತುಟಿಯ ಒಂದು ಕಡೆ ಮಾತ್ರ ಅಲುಗಿತು. “ಹೇಳ್ಕೊಟ್ಟೋನು ನಾನಲ್ವಾ. ಒಂದ್ಸಲ ಎಳೆದು ಬಿಟ್ಟಿದ್ರೆ ನಂಗೇ ಬೇಜಾರಾಗ್ತಿತ್ತು.”

ಕೆಂಪತ್ತೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಜೈತುನಕ್ಕ ನಿಂತಲ್ಲಿಂದ ಅಲುಗಲಿಲ್ಲ.

“ತಲೆ ಸುಡ್ತಾ ಇದೆ,” ಎಂದ ಬಾಷಣ್ಣ. “ಕೈ ಇಡು.”

ಅವಳು ಸೆರಗನ್ನು ಬಿಚ್ಚಿದ ರೀತಿ ನನಗೆ ಇನ್ನೂ ಕಣ್ಣ ಮುಂದಿದೆ, ಯಾರದೋ ಗಾಯದ ಪಟ್ಟಿ ಬಿಚ್ಚುವ ಹಾಗೆ ಒಂದೊಂದೇ ಸುತ್ತು ಬಿಚ್ಚಿದಳು. ಉಗುರುಗಳ ಸಂದಿಯಲ್ಲಿ ಚಾಕ್ಲೇಟು ಹಾಗೇ ಒಣಗಿತ್ತು. ಮಂಚದ ಪಕ್ಕ ಬಂದು ಅಂಗೈಯನ್ನು ಅವನ ಹುಬ್ಬಿನ ಮೇಲೆ, ಪಟ್ಟಿಯ ಕೆಳಗೆ, ಅಗಲವಾಗಿ ಇಟ್ಟಳು. ಅವನು ಕಣ್ಣು ಮುಚ್ಚಿದ. ಕೈ ತೆಗೆಯಬೇಡ ಎಂದು ಹೇಳಲಿಲ್ಲ, ಅವಳೂ ತೆಗೆಯಲಿಲ್ಲ. ನಾವು ಹೊರಡುವಾಗಲೂ ಆ ಕೈ ಅಲ್ಲೇ ಇತ್ತು. ಬೆಳಿಗ್ಗೆ ಆಸ್ಪತ್ರೆಯವರು ಬಂದು ಅವಳನ್ನು ಎಬ್ಬಿಸಿದಾಗಲೂ ಅಲ್ಲೇ ಇತ್ತಂತೆ. ಅವನು ಯಾವಾಗ ಹೋದ ಎಂದು ಅವಳಿಗೆ ತಿಳಿಯಲಿಲ್ಲ. ಕೈಯ ಕೆಳಗೆ ಹಣೆ ತಣ್ಣಗಾಗುತ್ತಿದ್ದಾಗ, ಜ್ವರ ಇಳಿಯುತ್ತಿದೆ ಎಂದುಕೊಂಡಿದ್ದಳಂತೆ.